ಆರು ಕೈಯ ಆಕ್ಟೋಪಸ್

ಹಳೇ ರಾಕ್ಷಸರ ಸಿನಿಮಾ ಅಂದರೆ ನನಗೆ ಪ್ರಾಣ. ಕಪ್ಪು-ಬಿಳುಪಿನದಾಗಿರಬೇಕು, ವಿಜ್ಞಾನಿಯೊಬ್ಬ ಲ್ಯಾಬಿನಲ್ಲಿ ಬೇಡದ ಕೆಲಸ ಮಾಡುತ್ತಿರಬೇಕು, ಊರಿನ ಜನವೆಲ್ಲ ಒಂದೇ ದಿಕ್ಕಿಗೆ ಓಡಬೇಕು. ನಮ್ಮ ಮನೆಯಲ್ಲಿ ಈ ಚಟಕ್ಕೆ ಮರ್ಯಾದೆ ಇಲ್ಲ. "ಅಪ್ಪಾ, ಅದು ರಬ್ಬರ್ ಅಂತ ಎಲ್ಲರಿಗೂ ಗೊತ್ತಾಗುತ್ತೆ" ಎನ್ನುತ್ತಾನೆ ಮಗ. ನನಗೂ ಗೊತ್ತಾಗುತ್ತೆ ಕಣೋ. ಅದಕ್ಕೇ ನೋಡೋದು.

1955ರಲ್ಲಿ 'ಇಟ್ ಕೇಮ್ ಫ್ರಮ್ ಬಿನೀತ್ ದ ಸೀ' ಅಂತ ಒಂದು ಚಿತ್ರ ಬಂತು. ದೈತ್ಯ ಆಕ್ಟೋಪಸ್ ಒಂದು ಸಮುದ್ರದಿಂದೆದ್ದು ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆಗೆ ಕೈ ಹಾಕುತ್ತದೆ. ಎಣಿಸಿದರೆ ಅದಕ್ಕೆ ಇರೋದು ಆರೇ ಕೈ! ದುಡ್ಡು ಸಾಲದ್ದಕ್ಕೆ ಹೀಗಾಗಿತ್ತು. ಬೊಂಬೆ ಆಡಿಸಿದವರು ರೇ ಹ್ಯಾರಿಹೌಸನ್. ಪ್ರತಿ ಕೈಯನ್ನೂ ಚೂರೇ ಚೂರು ಸರಿಸಬೇಕು, ಒಂದು ಫ್ರೇಮು ತೆಗೆಯಬೇಕು, ಮತ್ತೆ ಸರಿಸಬೇಕು. ಪರದೆಯ ಮೇಲಿನ ಒಂದು ಸೆಕೆಂಡಿಗೆ 24 ಫ್ರೇಮು. ಎರಡು ಕೈ ಕಮ್ಮಿಯಾದರೆ ಖರ್ಚೂ ಕಮ್ಮಿ, ಹೊತ್ತೂ ಕಮ್ಮಿ. ಇದು ತಿಳಿದ ಮೇಲೆ ಆ ಪ್ರಾಣಿಯ ಮೇಲೆ ನನಗೆ ಪ್ರೀತಿ ಜಾಸ್ತಿಯೇ ಆಯಿತು. ಬಡವರ ಮನೆ ರಾಕ್ಷಸ, ಪಾಪ. ನನ್ನ ಹೆಂಡತಿಗೆ ಇದೊಂದು ಸಮಸ್ಯೆಯೇ ಅಲ್ಲ. "ಇನ್ನೆರಡು ಕೈ ನೀರೊಳಗೆ ಇರಬೇಕು ಬಿಡ್ರಿ" ಅಂದುಬಿಟ್ಟಳು.

1933ರ 'ಕಿಂಗ್ ಕಾಂಗ್' ನೋಡುವಾಗ ಕಥೆ ಬಿಟ್ಟು ಅದರ ಮೈಕೂದಲು ನೋಡಿ. ಗಾಳಿ ಇಲ್ಲದಿದ್ದರೂ ಸುಮ್ನೆ ಅಲುಗುತ್ತಿರುತ್ತದೆ. ಆ ಬೆಟ್ಟದಂಥ ಗೊರಿಲ್ಲಾ ಅಸಲಿಗೆ ಒಂದೂವರೆ ಅಡಿಯ ಬೊಂಬೆ. ಮೈಗೆ ಮೊಲದ ತುಪ್ಪಳ ಹೊದಿಸಿದ್ದರು. ಭಂಗಿ ಬದಲಿಸುವಾಗಲೆಲ್ಲ ಬೆರಳು ತಾಗಿ ಕೂದಲು ಕೆದರುತ್ತಿತ್ತು. ತೊಂಬತ್ತು ವರ್ಷ ಕಳೆದರೂ ಯಾರೋ ಅದರ ಬೆನ್ನು ಸವರುತ್ತಲೇ ಇದ್ದಾರೆ. ಇವತ್ತಿನ ಕಂಪ್ಯೂಟರ್ ರಾಕ್ಷಸರಿಗೆ ಒಂದೊಂದು ಕೂದಲೂ ಲೆಕ್ಕಾಚಾರದ ಪ್ರಕಾರ ಅಲುಗುತ್ತದೆ. ಚೆನ್ನಾಗಿಯೇ ಇರುತ್ತದೆ, ಆದರೆ ನನಗೆ ಅಲ್ಲಿ ಯಾರೂ ಸಿಗುವುದಿಲ್ಲ.

ಜಪಾನಿನ ಗಾಡ್ಜಿಲ್ಲಾ ಹುಟ್ಟಿದ್ದು 1954ರಲ್ಲಿ. ಅದರೊಳಗೆ ಹರುವೊ ನಕಾಜಿಮಾ ಎಂಬ ನಟ ಇದ್ದರು. ಸುಮಾರು ನೂರು ಕಿಲೋ ತೂಗುವ ಸೂಟು, ಮೇಲೆ ಸ್ಟುಡಿಯೋ ದೀಪಗಳ ಕಾವು. ಒಳಗೆ ಬೆವರು ಕಿತ್ತುಕೊಂಡು ಬರುತ್ತಿತ್ತಂತೆ. ಇನ್ನು ಆ ಘರ್ಜನೆ! ಅದು ಯಾವ ಪ್ರಾಣಿಯದ್ದೂ ಅಲ್ಲ. ಸಂಗೀತ ನಿರ್ದೇಶಕ ಅಕಿರಾ ಇಫುಕುಬೆ ಡಬಲ್ ಬೇಸ್ ಅನ್ನುವ ದೊಡ್ಡ ವಾದ್ಯದ ತಂತಿ ಸಡಿಲಿಸಿ, ಅದನ್ನು ಚರ್ಮದ ಕೈಗವಸಿನಿಂದ ಉಜ್ಜಿಸಿ ತೆಗೆಸಿದ ಸದ್ದು. ಅಣುಬಾಂಬಿನ ಭಯವನ್ನೇ ಮೈಯಾಗಿ ಹೊತ್ತ ಪ್ರಾಣಿಗೆ ದನಿ ಕೊಟ್ಟದ್ದು ಒಂದು ಪಿಟೀಲಿನ ದೊಡ್ಡಣ್ಣ.

ನಮ್ಮ ಚಿತ್ರದುರ್ಗದವರಿಗೆ ರಾಕ್ಷಸರೇನು ಹೊಸಬರೇ? ಇಲ್ಲಿ ಹಿಡಿಂಬ ಇದ್ದ, ಭೀಮ ಅವನನ್ನು ಇಲ್ಲೇ ಕೊಂದ ಅಂತ ಹೇಳುತ್ತಾರೆ. ಕೋಟೆಯೊಳಗೆ ಹಿಡಿಂಬೇಶ್ವರನ ಗುಡಿ ಇದೆ. ಅಲ್ಲಿ ಹಿಡಿಂಬನದೇ ಹಲ್ಲು ಅನ್ನುವುದೊಂದನ್ನು ಕಾಪಾಡಿಕೊಂಡು ಬಂದಿದ್ದಾರೆ. ಗುಡಿಗಿರುವುದು ಗೆದ್ದವನ ಹೆಸರಲ್ಲ, ಸೋತವನದು. ನನಗೆ ಈ ಊರಿನ ಮೇಲೆ ಅಭಿಮಾನ ಬರಲು ಅದೊಂದೇ ಸಾಕು.

ಹಿಡಿಂಬನ ಸಿನಿಮಾ ಯಾರಾದರೂ ಮಾಡಲಿ ಅಂತ ನನಗೆ ಬಹಳ ಆಸೆ. ರಬ್ಬರ್ ಸೂಟಿನಲ್ಲೇ ಮಾಡಬೇಕು, ಕೋಟೆಯ ಬಂಡೆಗಳ ಮೇಲೇ ಮಾಡಬೇಕು. ಆದರೆ ಏಪ್ರಿಲ್‌ನಲ್ಲಿ ಮಾತ್ರ ಬೇಡ. ದುರ್ಗದ ಬಿಸಿಲಿಗೆ ಭೀಮ ಬರುವ ಮೊದಲೇ ಹಿಡಿಂಬ ಸೂಟು ಬಿಚ್ಚಿ ಕಬ್ಬಿನ ಹಾಲು ಕುಡಿಯಲು ಹೊರಟುಬಿಡುತ್ತಾನೆ.