ತೋಟ ನೋಡೋರು ಯಾರು ಅಂತ ಕೇಳುವ ನೆಂಟರಿಗೆ

ಯುಗಾದಿ ಹತ್ತಿರ ಬಂತು. ಹಬ್ಬಕ್ಕೆ ಮತ್ತು ಮಾರನೇ ದಿನದ ಹೊಸತೊಡಕಿಗೆ ನಮ್ಮ ಕಾಫಿ ತೋಟದ ಮನೆಗೆ ಬರುವವರಿಗೆಲ್ಲ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಬನ್ನಿ, ಉಣ್ಣಿ, ಎರಡು ದಿನ ಇರಿ. ಇಸ್ಪೀಟ್ ಆಡ್ತೀರಾ, ಆಡಿ. ಆದರೆ ನನ್ನ ಹೆಣ್ಣುಮಕ್ಕಳ ಎದುರಿಗೆ ಕೂತು "ಎರಡೂ ಹೆಣ್ಣೇ ಆಯ್ತಲ್ಲ, ಮುಂದೆ ತೋಟ ನೋಡೋರು ಯಾರು?" ಅಂತ ಕೇಳಬೇಡಿ.

ಪ್ರತಿ ವರ್ಷ ಯಾರಾದರೊಬ್ಬರು ಕೇಳೇ ಕೇಳುತ್ತಾರೆ. ಹೋಳಿಗೆ ಮೇಲೆ ತುಪ್ಪ ಹಾಕಿಸಿಕೊಳ್ಳುತ್ತಾ ಕೇಳುತ್ತಾರೆ. ಕೆಟ್ಟ ಮನಸ್ಸಿನಿಂದ ಅಲ್ಲ, ಗೊತ್ತು. ಹೋದ ವರ್ಷ ತುಪ್ಪ ಬಡಿಸುತ್ತಿದ್ದವಳು ನನ್ನ ದೊಡ್ಡ ಮಗಳೇ. ಅವಳಿಗೆ ಹನ್ನೊಂದು ವರ್ಷ. ಆಗ ಏನೂ ಮಾತಾಡಲಿಲ್ಲ. ರಾತ್ರಿ ಮಲಗುವಾಗ ಕೇಳಿದಳು, "ಅಮ್ಮಾ, ಮಳೆ ಲೆಕ್ಕ ಬರೆಯೋದು ನಾನಲ್ವಾ? ಅದು ತೋಟ ನೋಡಿದ ಹಾಗಲ್ವಾ?"

ಅಂದಹಾಗೆ ಈ ಪ್ರಶ್ನೆ ಮೊದಲು ಇಷ್ಟು ಜೋರಾಗಿ ಇರಲಿಲ್ಲ. 2024ರಲ್ಲಿ ರೊಬಸ್ಟಾ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, ಐವತ್ತು ಕೆ.ಜಿ. ಮೂಟೆಗೆ ಹತ್ತು ಸಾವಿರ ದಾಟಿತಲ್ಲ, ಅಲ್ಲಿಂದ ನಮ್ಮ ತೋಟದ ಭವಿಷ್ಯದ ಬಗ್ಗೆ ಎಲ್ಲರಿಗೂ ಕಾಳಜಿ ಜಾಸ್ತಿಯಾಗಿದೆ. ರೇಟ್ ಇಲ್ಲದ ಕಾಲದಲ್ಲಿ "ಮಾರಿಬಿಡಿ, ಬೆಂಗಳೂರಲ್ಲಿ ಸೈಟ್ ತಗೊಳ್ಳಿ" ಅಂತಿದ್ದವರೂ ಇವರೇ.

ನಮ್ಮದು ಚಿಕ್ಕಮಗಳೂರಿನ ಆಲ್ದೂರು ಕಡೆ ಸಣ್ಣ ತೋಟ. ಮೇಲೆ ಅರೇಬಿಕಾ, ಕೆಳಗೆ ಹಳ್ಳದ ಬದಿಗೆ ರೊಬಸ್ಟಾ, ಸಿಲ್ವರ್ ಮರಗಳಿಗೆ ಮೆಣಸಿನ ಬಳ್ಳಿ. ಮಾರ್ಚ್, ಏಪ್ರಿಲ್ ಬಂತೆಂದರೆ ಇಲ್ಲಿ ಯಾರ ಕಣ್ಣೂ ನೆಲದ ಮೇಲಿರಲ್ಲ, ಎಲ್ಲರೂ ಆಕಾಶ ನೋಡುವವರೇ. ಹೂಮಳೆ ಬರಬೇಕು. ಬಂದರೆ ಒಂದು ಇಂಚಾದರೂ ಬರಬೇಕು. ಸರಿಯಾಗಿ ಬಿದ್ದರೆ ಎಂಟರಿಂದ ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗಾಗುತ್ತದೆ. ಹೂ ನಿಲ್ಲುವುದು ಎರಡು ಮೂರು ದಿನ ಅಷ್ಟೇ. ಆ ದಿನಗಳಲ್ಲಿ ಮತ್ತೆ ಮಳೆ ಬರಬಾರದು, ಹೂ ಕೊಳೆತು ಹೋಗುತ್ತದೆ. ಆಮೇಲೆ ಕೆಲವು ವಾರ ಬಿಟ್ಟು ಕಾಯಿ ನಿಲ್ಲಲು ಇನ್ನೊಂದು ಮಳೆ ಬರಲೇಬೇಕು, ಅದಕ್ಕೆ ಬ್ಯಾಕಿಂಗ್ ಅನ್ನುತ್ತಾರೆ. ಮೊದಲ ಮಳೆ ಕಮ್ಮಿ ಆದರಂತೂ ಕಷ್ಟ. ಮೊಗ್ಗು ಎದ್ದು ಅರ್ಧ ಅರಳಿ ಕರಟುತ್ತದೆ. ವರ್ಷದ ಬೆಳೆ ಈ ಎರಡು ತಿಂಗಳಲ್ಲೇ ಹೆಚ್ಚುಕಮ್ಮಿ ತೀರ್ಮಾನವಾಗುತ್ತದೆ.

ಮಕ್ಕಳ ಪರೀಕ್ಷೆ ಮುಗಿಯುವುದೂ ಇದೇ ಹೊತ್ತಿಗೆ. ಏಪ್ರಿಲ್ ಹತ್ತರ ಸುಮಾರಿಗೆ ಶಾಲೆಗೆ ಬೀಗ, ಮತ್ತೆ ತೆರೆಯುವುದು ಮೇ ಕೊನೆಗೆ. ತೋಟದಲ್ಲಿ ಕಲಿಯುವುದಕ್ಕೆ ಅತಿ ಹೆಚ್ಚು ಇರುವಾಗಲೇ ಮಕ್ಕಳು ಮನೆಯಲ್ಲಿರುತ್ತಾರೆ. ಇದಕ್ಕಿಂತ ಒಳ್ಳೆ ಟೈಂಟೇಬಲ್ ಯಾವ ಶಿಕ್ಷಣ ತಜ್ಞರೂ ಹಾಕಿಕೊಡಲ್ಲ.

ಮಳೆ ಲೆಕ್ಕದ ವಿಷಯಕ್ಕೆ ಬರುತ್ತೇನೆ. ಮನೆ ಮುಂದೆ ಬಯಲಲ್ಲಿ ಒಂದು ಮಳೆ ಮಾಪಕ ಇದೆ. ಮಾವನವರ ಕಾಲದ್ದು, ತಾಮ್ರದ್ದು. ಬೆಳಗ್ಗೆ ಎಂಟಕ್ಕೆ ಸರಿಯಾಗಿ ಒಳಗಿನ ನೀರನ್ನು ಗಾಜಿನ ಅಳತೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ಓದಬೇಕು. ಪ್ಲಾಂಟರುಗಳು ಇವತ್ತಿಗೂ ಮಳೆಯನ್ನು ಇಂಚು, ಸೆಂಟ್ಸ್ ಲೆಕ್ಕದಲ್ಲೇ ಹೇಳುವುದು. ನೂರು ಸೆಂಟ್ಸ್‌ಗೆ ಒಂದು ಇಂಚು. ಶಾಲೆಯಲ್ಲಿ ಮಿಲಿಮೀಟರ್ ಕಲಿಸುತ್ತಾರೆ. ದೊಡ್ಡವಳು ಪುಸ್ತಕದಲ್ಲಿ ಎರಡು ಕಾಲಂ ಗೆರೆ ಎಳೆದುಕೊಂಡಿದ್ದಾಳೆ, ಒಂದು ಅಪ್ಪನಿಗೆ, ಒಂದು ಮೇಷ್ಟ್ರಿಗೆ. ಹೋದ ಸಲ ಮೊದಲ ಮಳೆ ಬಿದ್ದ ಬೆಳಗ್ಗೆ ಒದ್ದೆ ಕಾಲಲ್ಲೇ ಅಡಿಗೆಮನೆಗೆ ಓಡಿಬಂದಳು. "ಅಮ್ಮಾ, ಅರವತ್ತನಾಲ್ಕು ಸೆಂಟ್ಸ್! ಹದಿನಾರು ಮಿಲಿಮೀಟರ್. ಸಾಕಾಗಲ್ಲ ಅಲ್ವಾ?"

ಸಾಕಾಗಲ್ಲ. ಅವತ್ತು ಸಂಜೆ ಇವರು ಕೆರೆಯಿಂದ ಪೈಪ್ ಎಳೆಸಿ ಸ್ಪ್ರಿಂಕ್ಲರ್ ಹಾಕಿಸಿದರು. ಕರೆಂಟ್ ಬರುವುದು ನಡುರಾತ್ರಿ, ಹಾಗಾಗಿ ಪೈಪ್ ಬದಲಾಯಿಸುವುದೂ ನಡುರಾತ್ರಿ. ಅಪ್ಪ ಯಾಕೆ ಬೆಳಗ್ಗೆ ತೂಕಡಿಸುತ್ತಾರೆ ಅಂತ ಆ ಹುಡುಗಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಅವಳೇ ಅಳೆದಿದ್ದಳಲ್ಲ.

ಚಿಕ್ಕವಳಿಗೆ ಆರು. ಅವಳ ಇಲಾಖೆ ಬೇರೆ. ಮೆಣಸು ಕುಯ್ಲು ಮುಗಿದು ಕಣದಲ್ಲಿ ಹರಡಿರುತ್ತೇವೆ, ಎರಡೇ ಬಿಸಿಲಿಗೆ ಹಸಿರು ಹೋಗಿ ಕಪ್ಪಾಗುತ್ತದೆ. ಒಂದು ಮೂಲೆಯಲ್ಲಿ ಕೊನೆಯ ರೊಬಸ್ಟಾ ಇನ್ನೂ ಒಣಗುತ್ತಿರುತ್ತದೆ. ಈ ತಿಂಗಳ ತಮಾಷೆ ಇದೇ. ಗಿಡಕ್ಕೆ ಮಳೆ ಬೇಕು, ಕಣಕ್ಕೆ ಬೇಡ. ಮಧ್ಯಾಹ್ನ ಮೂರರ ಮೇಲೆ ಮುಳ್ಳಯ್ಯನಗಿರಿ ಕಡೆ ಮೋಡ ಕಪ್ಪಾದರೆ ಮನೆಯವರೆಲ್ಲ ಕಣಕ್ಕೆ ಓಡುತ್ತೇವೆ. ಒಬ್ಬರು ಗೋರುವುದು, ಒಬ್ಬರು ಟಾರ್ಪಾಲ್ ಎಳೆಯುವುದು. ಚಿಕ್ಕವಳು ಅಂಚಿಗೆ ಕಲ್ಲು ಇಡುತ್ತಾಳೆ. ಯಾವ ಮೂಲೆಗೆ ಯಾವ ಕಲ್ಲು ಅಂತ ಅವಳದ್ದೇ ಹಂಚಿಕೆ. ಬೇರೆಯವರು ಮುಟ್ಟಿದರೆ ಜಗಳ. ಗುಡುಗಿದರೆ ಅವಳಿಗೆ ಹೆದರಿಕೆ, ಆದರೂ ಕೊನೆ ಕಲ್ಲು ಇಡುವವರೆಗೆ ಒಳಗೆ ಬರಲ್ಲ.

ಇನ್ನು ನನ್ನ ಕಥೆ. ನಾನೂ ಮೂಡಿಗೆರೆ ಕಡೆಯ ತೋಟದ ಮನೆಯಲ್ಲೇ ಹುಟ್ಟಿದವಳು. ನನ್ನ ತವರಲ್ಲೂ ಮಳೆ ಮಾಪಕ ಇತ್ತು. ಅಪ್ಪ ಓದಿ ಹೇಳುತ್ತಿದ್ದರು, ಅಣ್ಣ ಬರೆದುಕೊಳ್ಳುತ್ತಿದ್ದ. ನಾನು ಕಾಫಿ ತಂದುಕೊಡುತ್ತಿದ್ದೆ. ಹೂವಿನ ಕಾಲದಲ್ಲಿ ನೆಂಟರು ಬಂದರೆ ಅವರ ಜೊತೆ ತೋಟದ ರಸ್ತೆವರೆಗೆ ಹೋಗಬಹುದಿತ್ತು. ಒಳಗೆ ಹೋದರೆ "ಹೆಣ್ಣುಹುಡುಗಿಗೆ ಅಲ್ಲೇನು ಕೆಲಸ" ಅಂತಿದ್ದರು. ಮದುವೆಯಾಗಿ ಈ ಮನೆಗೆ ಬಂದಾಗ ನನಗೆ ಅರೇಬಿಕಾ ಎಲೆಗೂ ರೊಬಸ್ಟಾ ಎಲೆಗೂ ಏನು ವ್ಯತ್ಯಾಸ ಅಂತ ಗೊತ್ತಿರಲಿಲ್ಲ ಅಂದರೆ ನೀವು ನಂಬಲ್ಲ. ಇಪ್ಪತ್ತಮೂರು ವರ್ಷ ಕಾಫಿ ತೋಟದ ಮಧ್ಯೆ ಬೆಳೆದವಳು! ಈ ಮನೆಯ ಮೇಸ್ತ್ರಿಯ ಹೆಂಡತಿ ನನಗೆ ಕಲಿಸಿದಳು. ರೊಬಸ್ಟಾಕ್ಕೆ ಕಾಯಿ ಕಟ್ಟಲು ಬೇರೆ ಗಿಡದ ಪರಾಗ ಬೇಕು, ಗಾಳಿ ಜೇನು ಎರಡೂ ಕೆಲಸ ಮಾಡಬೇಕು ಅನ್ನುವುದು ನಾನು ಆಮೇಲೆ ಓದಿ ತಿಳಿದದ್ದು. ಅವಳು ಸುಮ್ನೆ ಅಂದಿದ್ದಳು, "ಅಮ್ಮಾವ್ರೇ, ಹೂವಿನ ದಿನ ಜೇನಿನ ಸದ್ದು ಕೇಳಲಿಲ್ಲ ಅಂದ್ರೆ ಆ ವರ್ಷ ಮೂಟೆ ಕಮ್ಮಿ."

ಅಪ್ಪ ತೀರಿಕೊಂಡ ಮೇಲೆ ತವರಿನವರು ಹಕ್ಕು ಬಿಡುಗಡೆ ಪತ್ರ ಮಾಡಿಸಿದರು. ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಸಹಿ ಹಾಕಿ, ಹೋಟೆಲಲ್ಲಿ ಊಟ ಮಾಡಿ, ಸೀರೆ ತಗೊಂಡು ಬಂದೆ. ನಮ್ಮ ಕಡೆ ಎಷ್ಟು ಜನ ಅಕ್ಕತಂಗಿಯರು ಇದೇ ದಾರಿಯಲ್ಲಿ ಬಂದಿದ್ದೀರಿ ಅಂತ ನಿಮಗೇ ಗೊತ್ತು. ಅಣ್ಣನ ಜೊತೆ ನನಗೆ ಜಗಳವಿಲ್ಲ. ಅವನು ತೋಟ ಚೆನ್ನಾಗಿಯೇ ನೋಡಿಕೊಂಡಿದ್ದಾನೆ. ನಾನು ಹೇಳುತ್ತಿರುವುದು ಬೇರೆ. ಕಾನೂನು ಏನೂ ಹಿಂದೆ ಬಿದ್ದಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಹಕ್ಕು ಅಂತ ಕರ್ನಾಟಕದಲ್ಲಿ 1994ರಲ್ಲೇ ಜಾರಿಗೆ ಬಂತು, ಆಗ ಮದುವೆಯಾಗಿದ್ದವರನ್ನು ಬಿಟ್ಟು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದು ಮದುವೆಯ ಆ ತಕರಾರೂ ಹೋಯಿತು. ಆ ತಿದ್ದುಪಡಿ ಬಂದ ದಿನ ಅಪ್ಪ ಬದುಕಿದ್ದರೋ ಇಲ್ಲವೋ ಅನ್ನುವುದು ಮುಖ್ಯವಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಪಾಲು ಕಾನೂನು ಕೊಡುತ್ತದೆ, ಸರಿ. ಆದರೆ ತೋಟದೊಳಗೆ ಕಾಲಿಡದೆ ಬೆಳೆದ ಹುಡುಗಿಗೆ ಪಾಲು ಬಂದರೂ ಅವಳು ಅದನ್ನು ಗುತ್ತಿಗೆಗೆ ಕೊಡುತ್ತಾಳೆ, ಇಲ್ಲ ಮಾರುತ್ತಾಳೆ. ಆಗ ಊರವರು "ನೋಡಿ, ಹೆಣ್ಣುಮಕ್ಕಳಿಗೆ ಕೊಟ್ಟರೆ ಇದೇ ಗತಿ" ಅನ್ನುತ್ತಾರೆ. ಕಲಿಸದೇ ಇದ್ದವರು ಯಾರು ಅಂತ ಯಾರೂ ಕೇಳಲ್ಲ.

ಅಷ್ಟಕ್ಕೂ ತೋಟ ಇಷ್ಟು ದಿನ ನೋಡಿದ್ದು ಯಾರು? ನಮ್ಮ ಅತ್ತೆ ಒಂದು ಹಿಡಿ ಚೆರಿ ಮುಷ್ಟಿಯಲ್ಲಿ ಹಿಡಿದು ಕಿವಿ ಹತ್ತಿರ ಅಲುಗಾಡಿಸುತ್ತಾರೆ. ಗಲಗಲ ಅಂದರೆ ಒಣಗಿದೆ, ಇಲ್ಲದಿದ್ದರೆ ಇನ್ನೊಂದು ಬಿಸಿಲು. ಅವರು ಹೂಂ ಅನ್ನದೆ ನಮ್ಮ ಮನೆಯಲ್ಲಿ ಒಂದು ಮೂಟೆ ಕಟ್ಟಿದ್ದಿಲ್ಲ. ಹಣ್ಣು ಕುಯ್ಯಲು ಬರುವವರಲ್ಲಿ ಹೆಂಗಸರೇ ಜಾಸ್ತಿ. ಆದರೂ ಪಹಣಿಯಲ್ಲಿ ಅತ್ತೆಯ ಹೆಸರಿಲ್ಲ, ಮಾವನವರು ಇರುವವರೆಗೆ ಅವರನ್ನು ಯಾರೂ ಪ್ಲಾಂಟರ್ ಅಂತಲೂ ಕರೆಯಲಿಲ್ಲ. ಇದನ್ನು ಹೇಳಿದರೆ ಅತ್ತೆಗೇ ಇಷ್ಟವಾಗಲ್ಲ, ಅದು ಬೇರೆ ಮಾತು. "ಮಕ್ಕಳನ್ನ ಬಿಸಿಲಿಗೆ ಬಿಡಬೇಡ, ಕಪ್ಪಾಗ್ತವೆ" ಅಂತ ನನ್ನನ್ನೇ ಬೈಯುತ್ತಾರೆ. ಅದೇ ಅತ್ತೆ ಹೋದ ತಿಂಗಳು ಚಿಕ್ಕವಳ ಕೈಗೆ ಚೆರಿ ಕೊಟ್ಟು "ಕೇಳೇ ಪುಟ್ಟಿ, ಸದ್ದು ಬಂತಾ?" ಅಂತಿದ್ದರು. ನಾನು ಕಂಡೂ ಕಾಣದವಳ ಹಾಗೆ ಒಳಗೆ ಹೋದೆ.

ತೋಟ ಅಂದರೆ ಬರೀ ಹೂವು ಜೇನು ಅಲ್ಲ, ಅದೂ ಗೊತ್ತು. ಆನೆ ಇದೆ. ಅರಣ್ಯ ಇಲಾಖೆಯವರ ಮೆಸೇಜ್ ವಾಟ್ಸಾಪ್ ಗ್ರೂಪಿಗೆ ಬಂದರೆ ಆ ದಿನ ಮಕ್ಕಳು ಅಂಗಳ ದಾಟಲ್ಲ, ಮಾತೇ ಇಲ್ಲ. ಹಲಸಿನ ವಾಸನೆಗೆ ಆನೆ ಬರಬಾರದೆಂದು, ಹಣ್ಣಾಗುವ ಮೊದಲೇ ಮನೆ ಹತ್ತಿರದ ಮರದ ಕಾಯಿ ಇಳಿಸಿಬಿಡುತ್ತೇವೆ. ಕೊಪ್ಪದಲ್ಲಿರುವ ಅಕ್ಕನ ಮನೆಗೆ ಹೋದರೆ ಸೊಪ್ಪಿನ ಬೆಟ್ಟಕ್ಕೆ ಬಿಡಲ್ಲ. ಈ ತಿಂಗಳುಗಳಲ್ಲೇ ಉಣುಗು ಜಾಸ್ತಿ, ಅದರಿಂದ ಹರಡುವ ಮಂಗನ ಕಾಯಿಲೆಯ ಭಯ. ಇದೆಲ್ಲ ಗಂಡುಮಕ್ಕಳಿಗೂ ಅಷ್ಟೇ ಅಪಾಯ. ಆನೆ ಗಂಡು ಹೆಣ್ಣು ನೋಡಿ ಅಟ್ಟಿಸಿಕೊಂಡು ಬರಲ್ಲ. ಅಪಾಯದ ನೆಪ ಹೇಳಿ ಹುಡುಗಿಯರನ್ನು ಮಾತ್ರ ಒಳಗೆ ಕೂರಿಸುವುದು ನನಗೆ ಒಪ್ಪಿಗೆಯಿಲ್ಲ.

ಇನ್ನು ಬೇಸಿಗೆ ಶಿಬಿರ. ಚಿಕ್ಕಮಗಳೂರಿನಲ್ಲಿ ಈಗ ಬೀದಿಗೊಂದು. ಅಬಾಕಸ್, ಡ್ಯಾನ್ಸ್, ಬೆಂಕಿಯಿಲ್ಲದ ಅಡಿಗೆ. ಕಳಿಸುವವರು ಕಳಿಸಲಿ, ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಬೇರೆ ದಾರಿಯೂ ಇಲ್ಲ. ಆದರೆ ಮನೆ ಹಿಂದೆ ತೋಟ ಇಟ್ಟುಕೊಂಡು ಮಕ್ಕಳನ್ನು ಕಾರಲ್ಲಿ ಕೂರಿಸಿ "ನೇಚರ್ ಕ್ಯಾಂಪ್"ಗೆ ದುಡ್ಡು ಕಟ್ಟಿ ಬರುವವರನ್ನು ಕಂಡಿದ್ದೇನೆ, ನಗು ತಡೆಯಲಾಗಲ್ಲ. ನಮ್ಮವರು ಬೆಳಗ್ಗೆ ತೋಟ, ಮಧ್ಯಾಹ್ನ ಅಜ್ಜಿ ಜೊತೆ ಚೌಕಾಬಾರ. ಮಾವಿನಮಿಡಿ ಬಂದ ದಿನ ಇಬ್ಬರೂ ಜಗಲಿಯಲ್ಲಿ ಕೂತು ಆರಿಸುತ್ತಾರೆ. ತೊಟ್ಟು ಮುರಿದದ್ದು, ನೆಲಕ್ಕೆ ಬಿದ್ದದ್ದು ಉಪ್ಪಿಗೆ ಹೋಗಬಾರದು. ಚಿಕ್ಕವಳು ಒಳ್ಳೆ ಮಿಡಿಯನ್ನೂ "ಇದು ಬಿದ್ದಿದ್ದು" ಅಂತ ಹೇಳಿ ಖಾರದಪುಡಿ ಹಚ್ಚಿ ತಿಂದಿರುತ್ತಾಳೆ. ಸಂಜೆ ಟಿವಿ ನೋಡುತ್ತಾರೆ, ಮೊಬೈಲಿಗೆ ಕಿತ್ತಾಡುತ್ತಾರೆ. ಎಲ್ಲ ಮನೆಯ ಹಾಗೆಯೇ.

"ಹಾಗಾದ್ರೆ ಓದಿಸಲ್ವಾ? ತೋಟದಲ್ಲೇ ಇರಬೇಕಾ?" ಅಂತ ನನ್ನ ಓರಗಿತ್ತಿ ಕೇಳಿದಳು. ಓದಿಸುತ್ತೇವೆ. ಡಾಕ್ಟರಾಗುತ್ತಾರೋ, ಪರದೇಶಕ್ಕೆ ಹೋಗುತ್ತಾರೋ, ಅವರಿಷ್ಟ. ಗಂಡುಮಕ್ಕಳಿರುವ ಮನೆಯಲ್ಲಿ ಹುಡುಗ ಬೆಂಗಳೂರಲ್ಲಿ ಸಾಫ್ಟ್‌ವೇರ್ ಮಾಡುತ್ತಿದ್ದು, ತೋಟವನ್ನು ಅಸ್ಸಾಂನಿಂದ ಬಂದ ಕೆಲಸಗಾರರೂ ಲೆಕ್ಕ ಬರೆಯುವ ಒಬ್ಬ ರೈಟರೂ ನಡೆಸುತ್ತಿದ್ದರೂ "ತೋಟ ನೋಡೋಕೆ ಮಗ ಇದ್ದಾನೆ" ಅನ್ನುತ್ತೀರಿ. ಅವನು ಬರುವುದು ಹೊಸತೊಡಕಿನ ಬಾಡೂಟಕ್ಕೆ. ಅವನಿಗೆ ಆ ಪ್ರಶ್ನೆ ಯಾಕೆ ಕೇಳಲ್ಲ?

ಈಗ ಇನ್ನೊಂದು ಕೆಲಸ ಶುರುವಾಗಿದೆ. ಅರೇಬಿಕಾಕ್ಕೆ ಬೀಳುವ ಬಿಳಿ ಕಾಂಡಕೊರಕದ ದುಂಬಿ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ ಹಾರುತ್ತದೆ. ಅದಕ್ಕೆ ಮುಂಚೆ ಬೋರರ್ ಬಿದ್ದ ಗಿಡ ಹುಡುಕಿ, ಕಿತ್ತು, ಸುಟ್ಟುಬಿಡಬೇಕು. ಎಲೆ ಹಳದಿಯಾಗಿರುತ್ತದೆ, ಕಾಂಡದ ಮೇಲೆ ಉಬ್ಬಿದ ಗೆರೆ ಇರುತ್ತದೆ. ದೊಡ್ಡವರು ಸೊಂಟ ಬಗ್ಗಿಸಿ ನೋಡಬೇಕು, ಮಕ್ಕಳಿಗೆ ಅದು ಕಣ್ಣೆದುರೇ ಸಿಗುತ್ತದೆ. ಮೊನ್ನೆ ಭಾನುವಾರ ದೊಡ್ಡವಳು ಅಪ್ಪ ದಾಟಿಹೋಗಿದ್ದ ಸಾಲಿನಲ್ಲೇ ಒಂದು ಹಿಡಿದಳು. ಇವರು ಕಾಂಡ ಸೀಳಿ ತೋರಿಸಿದರು. ಒಳಗೆ ಬಿಳಿ ಹುಳು, ಸುತ್ತಲೂ ಪುಡಿ ತುಂಬಿದ ಸುರಂಗ. ಚಿಕ್ಕವಳು ಇಶ್ಶೀ ಅಂತ ಓಡಿದಳು. ದೊಡ್ಡವಳು ಮಾತ್ರ ಕದಲಲಿಲ್ಲ. ಇದು ಎಷ್ಟು ದಿನದಿಂದ ಒಳಗಿದೆ, ಬಿಸಿಲು ಬೀಳುವ ಗಿಡಕ್ಕೇ ಯಾಕೆ ಜಾಸ್ತಿ, ಪಕ್ಕದ ಗಿಡಕ್ಕೂ ಬಂದಿದೆಯಾ ಅಂತ ಪ್ರಶ್ನೆಯ ಮೇಲೆ ಪ್ರಶ್ನೆ. ಇವರಿಗೆ ಅರ್ಧಕ್ಕೆ ಉತ್ತರ ಗೊತ್ತಿರಲಿಲ್ಲ.

ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ ಇದೆಯಲ್ಲ, 1925ರಿಂದ ನಡೆಯುತ್ತಿರುವುದು, ಅಲ್ಲಿಗೆ ಕರೆದುಕೊಂಡು ಹೋಗಿ ಅಂತ ಹಟ ಹಿಡಿದಿದ್ದಾಳೆ. ಮಣ್ಣು ಪರೀಕ್ಷೆಗೆ ಹೇಗೂ ಕೊಡೋದಿತ್ತು. ಮಕ್ಕಳ ಪರೀಕ್ಷೆ ಮುಗಿದ ಮೊದಲ ಸೋಮವಾರ ಹೊರಡುತ್ತಿದ್ದೇವೆ. ಪ್ರಶ್ನೆಗಳನ್ನು ಮಳೆ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಟ್ಟುಕೊಂಡಿದ್ದಾಳೆ, ಒಂದೂವರೆ ಪುಟ ಆಗಿದೆ. ಆ ಕಡೆಯವರು ಯಾರಿಗಾದರೂ ಮಣ್ಣು ಕಳಿಸೋದಿದ್ದರೆ ಹೇಳಿ, ಗಾಡಿಯಲ್ಲಿ ಜಾಗ ಇದೆ.