ಮನಿಲಾದ ಕೋಟೆ ಮತ್ತು "ಥೇಟ್ ಯೂರೋಪ್" ಎನ್ನುವವರು

ಭಾನುವಾರ ಬೆಳಿಗ್ಗೆ ಬಿಸಿಲೇರುವ ಮುಂಚೆ ಒಂದು ಸುತ್ತು ಹಾಕೋಣ ಅಂತ, ಫಿಲಿಪೈನ್ಸ್ ರಾಜಧಾನಿ ಮನಿಲಾದಲ್ಲಿ ಸ್ಪೇನಿನವರು ಕಟ್ಟಿಸಿದ ಹಳೇ ಕೋಟೆಯೂರು ಇಂಟ್ರಾಮುರೋಸ್‌ಗೆ ಹೋಗಿದ್ದೆ. ಸ್ಯಾನ್ ಡಿಯೇಗೋ ಬುರುಜಿನ ಹತ್ತಿರ ಅಚ್ಚ ಕನ್ನಡ ಕೇಳಿಸಿತು. ಮನಿಲಾದಲ್ಲಿ ಕನ್ನಡ ಕಿವಿಗೆ ಬಿದ್ದರೆ ನಾನು ಹೇಗೆ ಕುಣಿಯುತ್ತೇನೆ ಅಂತ ನಿಮಗೆಲ್ಲ ಗೊತ್ತು. ಈ ಸಲ ಕುಣಿತ ಅರ್ಧ ನಿಮಿಷಕ್ಕೇ ಮುಗಿಯಿತು. ಟೋಪಿ ಹಾಕಿದ್ದ ಯಜಮಾನರೊಬ್ಬರು ಊರಿನವರಿಗೆ ವಿಡಿಯೋ ಕಾಲ್‌ನಲ್ಲಿ ಗೋಡೆ ತೋರಿಸುತ್ತಿದ್ದರು. "ನೋಡ್ರೋ, ಥೇಟ್ ಯೂರೋಪು! ಸ್ಪೇನ್‌ಗೆ ಹೋಗೋ ಖರ್ಚು ಉಳೀತು. ಅವ್ರು ಬರ್ದೇ ಇದ್ದಿದ್ರೆ ಇವ್ರಿಗೆ ಏನಿರ್ತಿತ್ತು ಹೇಳು?"

ಪಕ್ಕದಲ್ಲಿ ಗೈಡ್ ಹುಡುಗ ಏನೂ ಅರ್ಥವಾಗದೆ ನಗುತ್ತಿದ್ದ. ನಾನು ಬಾಯಿ ಬಿಡಲಿಲ್ಲ. ಮನೆಗೆ ಬಂದು ಇಲ್ಲಿ ಕಾರುತ್ತಿದ್ದೇನೆ. ಫೇಸ್‌ಬುಕ್ ಇರೋದೇ ಇದಕ್ಕೆ ಅಲ್ವಾ?

ಏನಿರ್ತಿತ್ತು ಅಂತ ಕೇಳಿದರಲ್ಲ, ಕೋಟೆಯೇ ಇತ್ತು ಸ್ವಾಮಿ. ಪಾಸಿಗ್ ನದಿ ಸಮುದ್ರ ಸೇರುವ ಜಾಗದಲ್ಲಿ ರಾಜಾ ಸುಲೈಮಾನ್ ಎಂಬ ಮುಸ್ಲಿಂ ದೊರೆಯ ಮರದ ಕೋಟೆ ಇತ್ತು. ಅದರ ಮೇಲೆ ಫಿರಂಗಿಗಳೂ ಇದ್ದವು. ಸ್ಪೇನಿನ ಲೆಗಾಸ್ಪಿ 1571ರಲ್ಲಿ ಆ ಊರನ್ನೇ ವಶ ಮಾಡಿಕೊಂಡ. ಇವತ್ತಿನ ಫೋರ್ಟ್ ಸ್ಯಾಂಟಿಯಾಗೋ ನಿಂತಿರುವುದು ಅದೇ ಜಾಗದಲ್ಲಿ. ಅದರ ಬಾಗಿಲ ಮೇಲೆ ಒಂದು ಕೆತ್ತನೆ ಇದೆ. ಕುದುರೆ ಏರಿದ ಸಂತ ಜೇಮ್ಸ್, ಕುದುರೆಯ ಕಾಲಡಿಯಲ್ಲಿ ಮುಸ್ಲಿಂ ಸೈನಿಕರು. ಯಾರ ಊರಿನ ಬಾಗಿಲಿಗೆ ಯಾವ ಚಿತ್ರ ನೋಡಿ! ಎಲ್ಲರೂ ಸೆಲ್ಫಿ ತೆಗೆದುಕೊಳ್ಳುವುದು ಅದರ ಕೆಳಗೇ.

ಇನ್ನು ಗೋಡೆ. ಸುತ್ತಳತೆ ಹೆಚ್ಚುಕಡಿಮೆ 4.5 ಕಿಲೋಮೀಟರ್. ಕಲ್ಲಿನಲ್ಲಿ ಕಟ್ಟಿಸಲು ಶುರು ಮಾಡಿದ್ದು 1590ರಲ್ಲಿ ಗವರ್ನರ್ ಆಗಿ ಬಂದ ಗೋಮೆಸ್ ಪೆರೆಸ್ ದಾಸ್‌ಮರಿನ್ಯಾಸ್. ದುಡ್ಡು ಎಲ್ಲಿಂದ ಬಂತು ಗೊತ್ತಾ? ಇಸ್ಪೀಟಿನಿಂದ! ಇಸ್ಪೀಟು ಎಲೆ ಮಾರುವ ಹಕ್ಕನ್ನು ಸರ್ಕಾರವೇ ಇಟ್ಟುಕೊಂಡಿತು. ಅತಿಯಾಗಿ ಆಡಿದವರಿಗೆ ದಂಡ ಹಾಕಿತು. ಹೀಗೆ ಬಂದ ಕಾಸು ಗೋಡೆಗೆ ಹೋಯಿತು. ನನಗೆ ಈ ಕಥೆ ತುಂಬಾ ಇಷ್ಟ. ಜೂಜುಕೋರರ ಕಾಣಿಕೆಯಿಂದ ಎದ್ದ ಕೋಟೆ ಜಗತ್ತಿನಲ್ಲಿ ಎಷ್ಟಿರಬಹುದು?

ಆದರೆ ಕಲ್ಲು ಹೊತ್ತವರು ಇಸ್ಪೀಟು ಆಡುತ್ತಿದ್ದವರಲ್ಲ. ಕಲ್ಲೂ ಸ್ಪೇನಿನದಲ್ಲ. ಅದು ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಮೆದು ಕಲ್ಲು, ಇಲ್ಲಿಯವರು ಅದೋಬೆ ಅನ್ನುತ್ತಾರೆ. ಪಾಸಿಗ್ ನದಿಯ ದಡದ ಗ್ವಾದಲೂಪೆ ಕಡೆಯಿಂದ ತಂದದ್ದು. ಆಗ 16ರಿಂದ 60 ವರ್ಷದ ಗಂಡಸರು ವರ್ಷಕ್ಕೆ 40 ದಿನ ಬಿಟ್ಟಿ ಚಾಕರಿ ಮಾಡಬೇಕಿತ್ತು. ಮರ ಕಡಿಯುವುದು, ಹಡಗು ಕಟ್ಟುವುದು, ಕಟ್ಟಡದ ಕೆಲಸ, ಎಲ್ಲಕ್ಕೂ ಅವರೇ. ಕಾಸಿದ್ದವರು ದುಡ್ಡು ಕೊಟ್ಟು ತಪ್ಪಿಸಿಕೊಳ್ಳಬಹುದಿತ್ತು. (ಇದು ಮಾತ್ರ ಎಲ್ಲ ದೇಶದಲ್ಲೂ ಒಂದೇ.)

ಅವರ ಜೊತೆಗೆ ಚೀನೀ ಗಾರೆ ಕೆಲಸದವರು, ಬಡಗಿಗಳು. ಇವರಿಲ್ಲದೆ ಮನಿಲಾದಲ್ಲಿ ಒಂದು ಇಟ್ಟಿಗೆಯೂ ಏಳುತ್ತಿರಲಿಲ್ಲ. ಆದರೂ ರಾತ್ರಿ ಗೋಡೆಯೊಳಗೆ ಉಳಿಯಲು ಅವರಿಗೆ ಅವಕಾಶವಿಲ್ಲ. ಹೊರಗೆ ಪಾರಿಯಾನ್ ಅನ್ನುವ ಕೇರಿ, ಅದೂ ಕೋಟೆಯ ಫಿರಂಗಿ ಗುಂಡು ತಲುಪುವಷ್ಟೇ ದೂರದಲ್ಲಿ. 1603ರಲ್ಲಿ ಚೀನೀಯರು ದಂಗೆ ಎದ್ದಾಗ ಸ್ಪೇನಿನ ಕಡೆಯವರು ಸಾವಿರಾರು ಚೀನೀಯರನ್ನು ಕೊಂದರು. ಅದಕ್ಕೂ ಮೊದಲು, 1593ರಲ್ಲಿ, ಗೋಡೆ ಕಟ್ಟಿಸಿದ ಆ ಗವರ್ನರನನ್ನೇ ಅವನ ಹಡಗಿನ ಚೀನೀ ಹುಟ್ಟುಗಾರರು ಕೊಂದುಹಾಕಿದ್ದರು. ಬಲವಂತವಾಗಿ ಹುಟ್ಟು ಹಾಕಲು ಹಚ್ಚಿದ್ದಕ್ಕೆ. ಇದನ್ನೂ ವಿಡಿಯೋ ಕಾಲ್‌ನಲ್ಲಿ ಹೇಳಿ ಯಜಮಾನರೇ.

ಈಗ ಒಬ್ಬರು ಕಾಮೆಂಟ್ ಹಾಕುತ್ತೀರಿ, ಗೊತ್ತು. "ಪ್ಲಾನ್ ಸ್ಪೇನಿನದೇ ತಾನೇ? ನೇರ ಬೀದಿಗಳು, ನಡುವೆ ಚೌಕ, ಪಕ್ಕದಲ್ಲಿ ಕೆಥೆಡ್ರಲ್, ಮೂಲೆಗೆ ಚೂಪು ಬುರುಜು, ಎಲ್ಲ ಅವರ ಬುದ್ಧಿ." ಸರಿ, ಒಪ್ಪಿದೆ. ನಕ್ಷೆ ಅವರದೇ. ಆದರೆ ಅಡುಗೆ ಮಾಡಿದವರು ಒಲೆ ಮುಂದೆ ಬೆವರುತ್ತಿರುವಾಗ ಹಾಲ್‌ನಲ್ಲಿ ಕೂತು ಮೆನು ಹೇಳಿದವನಿಗೇ ಎಲ್ಲ ಹೊಗಳಿಕೆ ಕೊಡುತ್ತೀರಾ?

ಅಷ್ಟಕ್ಕೂ ಆ ನಕ್ಷೆಯನ್ನೂ ಈ ನೆಲ ಹಾಗೇ ಬಿಡಲಿಲ್ಲ. ಭೂಕಂಪದ ಊರು ಇದು. 1645ರಲ್ಲಿ ಕಲ್ಲಿನ ಮನೆಗಳು ಉರುಳಿದವು. ಆಮೇಲೆ ಕೆಳಗೆ ಕಲ್ಲು, ಮೇಲೆ ಮರ ಅನ್ನುವ ಮನೆಗಳು ಜಾಸ್ತಿಯಾದವು. ಚಾವಣಿಯ ಭಾರ ಹೊರುವುದು ಕಲ್ಲಲ್ಲ, ಮರದ ಕಂಬಗಳು. ಭೂಮಿ ಅಲುಗಿದರೆ ಮನೆಯೂ ಒಂದಿಷ್ಟು ಅಲುಗಿ ನಿಲ್ಲುತ್ತದೆ. ಕಿಟಕಿಗೆ ಗಾಜಿಲ್ಲ, ಕಪಿಜ್ ಅನ್ನುವ ಕಡಲ ಚಿಪ್ಪನ್ನು ತೆಳ್ಳಗೆ ಚೌಕವಾಗಿ ಕತ್ತರಿಸಿ ಕೂರಿಸಿದ್ದಾರೆ. ಮಧ್ಯಾಹ್ನದ ಉರಿಬಿಸಿಲು ಅದರೊಳಗಿಂದ ಹಾಲಿನ ಬಣ್ಣವಾಗಿ ಬರುತ್ತದೆ. ಇದನ್ನು ಯಾವ ಯೂರೋಪಿನಲ್ಲಿ ನೋಡಿದಿರಿ?

1607ರಲ್ಲಿ ಮುಗಿದ ಸ್ಯಾನ್ ಅಗಸ್ಟಿನ್ ಚರ್ಚ್ ನೋಡಿ. ಬಾಗಿಲಲ್ಲಿ ಕಾವಲು ಕೂತಿರುವುದು ಚೀನೀ ಶೈಲಿಯ ಕಲ್ಲಿನ ಸಿಂಹಗಳು. ಒಳಗೆ ತಲೆಯೆತ್ತಿದರೆ ಉಬ್ಬು ಕೆತ್ತನೆ ಅಂತ ಭ್ರಮೆ ಹುಟ್ಟಿಸುವ ಚಿತ್ರ. 1875ರಲ್ಲಿ ಇಬ್ಬರು ಇಟಲಿಯವರು ಬರೆದದ್ದು. ಎಡಗಡೆಯ ಗಂಟೆಗೋಪುರ 1880ರ ಭೂಕಂಪದಲ್ಲಿ ಬಿರುಕು ಬಿಟ್ಟಿತು. ಆಮೇಲೆ ತೆಗೆದೇಬಿಟ್ಟರು. ಹಾಗಾಗಿ ಚರ್ಚ್‌ಗೆ ಒಂದೇ ಗೋಪುರ. ನನಗೆ ಹಾಗೇ ಚಂದ.

ಇನ್ನೊಂದು ತಮಾಷೆ ಇದೆ. ಚರ್ಚ್ ಎದುರಿನ ಕಾಸಾ ಮನಿಲಾ ಒಳಗೆ ಅದೇ ಗುಂಪು "ಎಷ್ಟು ಹಳೇ ಮನೆ!" ಅಂತ ಬಾಯಿ ಬಿಟ್ಟುಕೊಂಡು ನೋಡುತ್ತಿತ್ತು. ಅದನ್ನು ಕಟ್ಟಿದ್ದು 1980ರ ದಶಕದಲ್ಲಿ, ಆಗಿನ ಅಧ್ಯಕ್ಷರ ಹೆಂಡತಿ ಇಮೆಲ್ಡಾ ಮಾರ್ಕೋಸ್ ಕಾಲದಲ್ಲಿ, 1850ರ ದಶಕದ ಒಂದು ಮನೆಯ ಮಾದರಿಯಲ್ಲಿ. ನನ್ನ ತಂಗಿಗಿಂತ ಚಿಕ್ಕ ಮನೆ ಅದು! ಹಳೇ ಕಾಲದ ಪೊಲೀಸ್ ವೇಷ ಹಾಕಿ ನಿಂತ ಸೆಕ್ಯೂರಿಟಿಯವರನ್ನೂ ಭಯಭಕ್ತಿಯಿಂದ ನೋಡುತ್ತಿದ್ದರು.

ಹಾಗಾದರೆ ಅಸಲಿ ಮನೆಗಳು ಎಲ್ಲಿ ಹೋದವು? 1945ರ ಫೆಬ್ರವರಿಯಲ್ಲಿ ಹೋದವು. ಒಳಗೆ ಜಪಾನಿನ ಸೈನ್ಯ ಜನರನ್ನು ಕೊಲ್ಲುತ್ತಿತ್ತು, ಹೊರಗಿನಿಂದ ಅಮೆರಿಕದ ಫಿರಂಗಿಗಳು ಸುರಿಯುತ್ತಿದ್ದವು. ಒಂದು ತಿಂಗಳ ಕಾಳಗದಲ್ಲಿ ಇಡೀ ಮನಿಲಾದಲ್ಲಿ ಸುಮಾರು 1,00,000 ನಾಗರಿಕರು ಸತ್ತರು. ಗೋಡೆಯೊಳಗಿನ ಚರ್ಚ್‌ಗಳಲ್ಲಿ ಉಳಿದದ್ದು ಸ್ಯಾನ್ ಅಗಸ್ಟಿನ್ ಒಂದೇ. ಫೋರ್ಟ್ ಸ್ಯಾಂಟಿಯಾಗೋದ ನೆಲಮಾಳಿಗೆಯಲ್ಲಿ ಕೈದಿಗಳ ಹೆಣಗಳ ರಾಶಿ ಸಿಕ್ಕಿತ್ತು. ಅಲ್ಲಿ ಒಂದು ಬಿಳಿ ಶಿಲುಬೆ ಇದೆ. ಎಷ್ಟೋ ಸಲ ಕೋಟೆಗೆ ಹೋಗಿದ್ದರೂ ಆ ನೆಲಮಾಳಿಗೆಗೆ ನಾನು ಇಳಿದಿಲ್ಲ. ಧೈರ್ಯ ಇಲ್ಲ, ಅಷ್ಟೇ.

ನಮ್ಮ ಕಡೆಯ ನಂಟು ಬೇಕು ಅನ್ನುವವರಿಗೆ ಅದೂ ಇದೆ. 1762ರಲ್ಲಿ ಬ್ರಿಟಿಷರು ಈ ಗೋಡೆ ಒಡೆದು ಮನಿಲಾ ಹಿಡಿದರಲ್ಲ, ಆ ಪಡೆ ಹೊರಟಿದ್ದು ಮದ್ರಾಸಿನಿಂದ. ಅದರಲ್ಲಿ ಅಲ್ಲಿನ ಸಿಪಾಯಿಗಳಿದ್ದರು. ಕೆಲವರು ವಾಪಸ್ ಹೋಗದೆ ಇಲ್ಲೇ ಪಕ್ಕದ ಕೈಂತಾ ಊರಿನಲ್ಲಿ ಮದುವೆಯಾಗಿ ನೆಲೆಸಿದರು. ಅವರ ಸಂತತಿ ಈಗಲೂ ಅಲ್ಲಿದೆ. "ಥೇಟ್ ಯೂರೋಪ್" ನೋಡಿದವರು ಯಾರೂ ಕೈಂತಾಗೆ ಹೋಗಲ್ಲ ಬಿಡಿ. ಅಲ್ಲಿ ಸೆಲ್ಫಿಗೆ ಬುರುಜಿಲ್ಲ.

ಇಷ್ಟು ಬೈದ ಮೇಲೂ ಹೇಳಿಬಿಡುತ್ತೇನೆ, ಆ ಜಾಗ ನನಗೆ ಹುಚ್ಚು ಹಿಡಿಸುತ್ತದೆ. ಸಂಜೆ ಗೋಡೆಯ ಮೇಲೆ ಕಾಲೇಜು ಹುಡುಗರು ಕೂತಿರುತ್ತಾರೆ. ಒಂದು ಕಡೆ ಕೆಥೆಡ್ರಲ್‌ನ ಗುಮ್ಮಟ. ಇನ್ನೊಂದು ಕಡೆ ಗಾಲ್ಫ್ ಆಡುವವರು. ಹೌದು, ಗಾಲ್ಫ್! ಕೋಟೆಯ ಕಂದಕವನ್ನು ಅಮೆರಿಕದವರು ಮುಚ್ಚಿಸಿದರು, ಈಗ ಅಲ್ಲಿ ಗಾಲ್ಫ್ ಮೈದಾನ. ಅದರ ಬಗ್ಗೆ ಇನ್ನೊಂದು ದಿನ ಬೈಯುತ್ತೇನೆ.

ನೀವು ಯಾರಾದರೂ ಮನಿಲಾಗೆ ಬಂದರೆ ನಾನೇ ಕರೆದುಕೊಂಡು ಹೋಗುತ್ತೇನೆ. ಷರತ್ತು ಎರಡೇ. ಕಲೇಸಾ ಕುದುರೆಗಾಡಿ ಹತ್ತುವ ಮುಂಚೆ ರೇಟ್ ಮಾತಾಡಿಕೊಳ್ಳಬೇಕು. ಮತ್ತೆ "ಥೇಟ್" ಅಂತ ಬಾಯಿ ತೆರೆದವರು ಎಲ್ಲರಿಗೂ ಕ್ವೆಕ್‌ಕ್ವೆಕ್ ಕೊಡಿಸಬೇಕು. ಕಿತ್ತಳೆ ಬಣ್ಣದ ಹಿಟ್ಟಿನಲ್ಲಿ ಕರಿದ ಮೊಟ್ಟೆ. ಸಸ್ಯಾಹಾರಿಗಳು ಬಿಲ್ ಮಾತ್ರ ಕೊಟ್ಟರೆ ಸಾಕು.