ರ್ಯಾಂಕ್ ಬೇಕಾದ್ರೆ ತಗೊಳ್ಳಿ, ಡಿಗ್ರಿ ಮಾತ್ರ ಕೇಳ್ಬೇಡಿ

ನಮ್ಮಲ್ಲಿ ಮಾರ್ಕ್ಸ್ ಕಾರ್ಡ್ ಆರು ತಿಂಗಳು ಲೇಟಾದ್ರೆ ಯೂನಿವರ್ಸಿಟಿ ಮುಂದೆ ಧರಣಿ ಕೂರ್ತೀವಿ. ಕೇಂಬ್ರಿಡ್ಜ್‌ನೋರ ಮುಂದೆ ಇದೆಲ್ಲ ಯಾವ ಲೆಕ್ಕ ಮಾರಾಯ್ರೆ. ಹೆಣ್ಮಕ್ಕಳಿಗೆ ಅಂತ ಗರ್ಟನ್ ಕಾಲೇಜು ಶುರುವಾಗಿದ್ದು 1869ರಲ್ಲಿ, ಅವರ ಕೈಗೆ ಪೂರ್ತಿ ಡಿಗ್ರಿ ಬಂದಿದ್ದು 1948ರಲ್ಲಿ. 79 ವರ್ಷ! ಅಷ್ಟರಲ್ಲಿ ಅರ್ಜಿ ಹಾಕಿದೋಳ ಮರಿಮಗಳು ಕಾಲೇಜು ಸೇರೋ ಟೈಮ್ ಬಂದಿರುತ್ತೆ.

ಹಾಗಂತ ಓದೋಕೆ ಬಿಡ್ಲಿಲ್ಲ ಅನ್ಕೋಬೇಡಿ. ಬನ್ನಿ ತಾಯಿ, ಪಾಠ ಕೇಳಿ, ಪರೀಕ್ಷೆ ಬರೀರಿ, ಫಸ್ಟ್ ಬರೋದಿದ್ರೆ ಬನ್ನಿ, ಡಿಗ್ರಿ ಒಂದು ಮಾತ್ರ ಕೇಳ್ಬೇಡಿ. ಎಲೆ ಹಾಕಿ, ಪಲ್ಯ ಕೋಸಂಬರಿ ಎಲ್ಲಾ ಬಡಿಸಿ, ಅನ್ನದ ಹೊತ್ತಿಗೆ ಎಲೆ ಎತ್ಕೊಂಡು ಹೋದ್ರೆ ಹೆಂಗಿರುತ್ತೆ, ಹಂಗೆ.

ಅಲ್ಲಿನ ಗಣಿತದ ಪರೀಕ್ಷೆ ಟ್ರೈಪಾಸ್ ಅಂದ್ರೆ ಇಡೀ ಇಂಗ್ಲೆಂಡಿಗೆ ದೊಡ್ಡ ಸುದ್ದಿ, ಫಸ್ಟ್ ಕ್ಲಾಸ್ ಬಂದೋರಿಗೆ ರ್ಯಾಂಗ್ಲರ್ ಅಂತ ಬಿರುದು, ಎಲ್ಲರಿಗಿಂತ ಮೇಲೆ ಬಂದೋನು ಸೀನಿಯರ್ ರ್ಯಾಂಗ್ಲರ್. 1880ರಲ್ಲಿ ಗರ್ಟನ್‌ನ ಶಾರ್ಲೆಟ್ ಸ್ಕಾಟ್ ಎಂಟನೇ ಸ್ಥಾನದ ಲೆವೆಲ್ಲಿಗೆ ಬಂದ್ಲು, ಆದ್ರೆ ಪಟ್ಟಿ ಓದುವಾಗ ಅವಳ ಹೆಸರು ಹೇಳೋ ಹಂಗಿಲ್ಲ. ಎಂಟನೇ ಹೆಸರು ಓದೋ ಹೊತ್ತಿಗೆ ಹಾಲ್‌ನಲ್ಲಿದ್ದ ಹುಡುಗ್ರೇ 'ಸ್ಕಾಟ್ ಆಫ್ ಗರ್ಟನ್' ಅಂತ ಕೂಗೆಬ್ಬಿಸಿದ್ರು, ಟೋಪಿ ಬೀಸಿದ್ರು. ಮರ್ಯಾದೆ ಇತ್ತು ಆ ಹುಡುಗ್ರಿಗೆ, ಅವರ ವಿಷಯಕ್ಕೆ ಆಮೇಲೆ ಬರ್ತೀನಿ. ಪಾಪ ಸ್ಕಾಟ್ ಡಿಗ್ರಿಗೋಸ್ಕರ ಲಂಡನ್ ಯೂನಿವರ್ಸಿಟಿಯಲ್ಲಿ ಬೇರೆ ಪರೀಕ್ಷೆ ಬರೆದ್ಲು.

ಮಾರನೇ ವರ್ಷ ಕೇಂಬ್ರಿಡ್ಜ್‌ಗೆ ಜ್ಞಾನೋದಯ ಆಯ್ತು, ಸರಿ ಇನ್ಮೇಲೆ ಹೆಣ್ಮಕ್ಕಳು ಅಧಿಕೃತವಾಗೇ ಟ್ರೈಪಾಸ್ ಬರೀಬಹುದು, ಪಾಸಾದ್ರೆ ಒಂದು ಸರ್ಟಿಫಿಕೇಟು, ಡಿಗ್ರಿ ಅಂತೂ ಇಲ್ಲ. ಅಡ್ಡಗೋಡೆ ಮೇಲೆ ದೀಪ ಇಡೋ ವಿದ್ಯೆ ನಮಗಷ್ಟೇ ಬರುತ್ತೆ ಅನ್ಕೊಂಡಿದ್ದೆ. 1890ರಲ್ಲಿ ಹೆಣ್ಮಕ್ಕಳದೇ ಇನ್ನೊಂದು ಕಾಲೇಜು ನ್ಯೂನಂನ ಫಿಲಿಪ್ಪಾ ಫಾಸೆಟ್ ಎಲ್ಲಾ ಗಂಡಸರನ್ನೂ ದಾಟಿ ಹೋಗ್ಬಿಟ್ಲು. ಫಸ್ಟ್ ರ್ಯಾಂಕ್ ಅನ್ನೋ ಹಂಗಿಲ್ಲ, ಹಾಗಾಗಿ ಓದಿದ್ದು ಏನು ಗೊತ್ತಾ, 'ಸೀನಿಯರ್ ರ್ಯಾಂಗ್ಲರ್‌ಗಿಂತ ಮೇಲೆ' ಅಂತ. ಫಸ್ಟ್ ಬಂದೋನಿಗಿಂತ ಮೇಲೆ ಬಂದೋಳು, ಆದ್ರೆ ಫಸ್ಟ್ ಅಲ್ಲ. ಇದು ಯಾವ ಗಣಿತ ಸ್ವಾಮಿ?

ಇತ್ತ ಇವರದೇ ಆಳ್ವಿಕೆಯಲ್ಲಿದ್ದ ಕಲ್ಕತ್ತಾ ಯೂನಿವರ್ಸಿಟಿ 1883ರಲ್ಲೇ ಕಾದಂಬಿನಿ, ಚಂದ್ರಮುಖಿ ಅಂತ ಇಬ್ಬರಿಗೆ ಬಿಎ ಕೊಟ್ಟು ಮುಗಿಸಿತ್ತು. ನಮ್ಮನ್ನ ಉದ್ಧಾರ ಮಾಡೋಕೆ ಬಂದೋರು ಮನೇಲಿ ಇನ್ನೂ ಮೀಟಿಂಗ್ ಮಾಡ್ತಾ ಕೂತಿದ್ರು.

ಮೀಟಿಂಗ್ ಅಂದ್ರೆ ಅಂತಿಂಥದ್ದಲ್ಲ. 1897ರ ಮೇ 21ಕ್ಕೆ ಮತದಾನ, ಡಿಗ್ರಿಯ ಹೆಸರನ್ನಾದ್ರೂ ಹೆಣ್ಮಕ್ಕಳಿಗೆ ಕೊಡೋಣ್ವಾ ಬೇಡ್ವಾ. ಇಲ್ಲೊಂದು ರೈಲಿನ ಕಥೆ ಹೇಳ್ಲೇಬೇಕು. 1845ರಲ್ಲಿ ಊರಿಗೆ ರೈಲು ಬಂದಾಗ ಹುಡುಗ್ರು ಕೆಟ್ಟು ಹೋಗ್ತಾರೆ ಅಂತ ಇದೇ ಯೂನಿವರ್ಸಿಟಿಗೆ ನಡುಕ, ಯೂನಿವರ್ಸಿಟಿಯೋರು ಬೇಡ ಅಂದ್ರೆ ಟಿಕೆಟ್ ದುಡ್ಡು ಕೊಟ್ರೂ ಆ ಹುಡುಗನ್ನ ಹತ್ತಿಸ್ಕೋಬಾರದು ಅಂತ ಕಾನೂನಿನಲ್ಲೇ ಬರೆಸ್ಕೊಂಡಿದ್ರು, ಭಾನುವಾರ ರೈಲು ಓಡಿಸಿದ್ರೆ ದೇವರಿಗೂ ಬೇಜಾರು ವೈಸ್ ಚಾನ್ಸೆಲರಿಗೂ ಬೇಜಾರು ಅಂತ ಆಮೇಲೊಂದು ಪತ್ರ ಬೇರೆ. 1897ಕ್ಕೆ ಅದೇ ರೈಲು ಪವಿತ್ರ ಆಯ್ತು ನೋಡಿ, ಯಾವತ್ತೋ ಎಂಎ ಮಾಡಿ ಊರು ಬಿಟ್ಟಿದ್ದ ಹಳೇ ವಿದ್ಯಾರ್ಥಿಗಳನ್ನ ವೋಟು ಹಾಕೋಕೆ ಕರ್ಕೊಂಡು ಬರಕ್ಕೆ ಲಂಡನ್ನಿಂದ ಸ್ಪೆಷಲ್ ಟ್ರೈನು!

ಮತ್ತೆ ನಮ್ಮ ಹುಡುಗ್ರು. ವೋಟು ಹಾಕ್ತಿದ್ದ ಜಾಗದ ಎದುರಿನ ಪುಸ್ತಕದ ಅಂಗಡಿ ಮೇಲಿಂದ ಸೈಕಲ್ ಮೇಲೆ ಕೂತ ಹುಡುಗಿಯ ಬೊಂಬೆ ನೇತು ಹಾಕಿದ್ರು, ಬ್ಯಾನರ್ ಕಟ್ಟಿದ್ರು, ಮೊಟ್ಟೆ, ಹಿಟ್ಟು, ಪಟಾಕಿ ಎಲ್ಲಾ ಆಯ್ತು. ಪ್ರಸ್ತಾಪದ ಪರ 660 ಚಿಲ್ಲರೆ, ವಿರುದ್ಧ 1,700ಕ್ಕೂ ಜಾಸ್ತಿ. ಗೆದ್ದ ಖುಷಿಗೆ ಆ ಬೊಂಬೆಯ ತಲೆ ಕಿತ್ತು ನ್ಯೂನಂ ಗೇಟಿನ ಸಂದಿಯಲ್ಲಿ ತುರುಕಿದ್ರು. ಒಂದು ತುಂಡು ಕಾಗದಕ್ಕೆ ಇಷ್ಟು ಹೆದರಿದ ಗಂಡಸರನ್ನ ನಾನಂತೂ ಇನ್ನೆಲ್ಲೂ ಕಂಡಿಲ್ಲ. ಹದಿನೇಳು ವರ್ಷದ ಹಿಂದೆ ಸ್ಕಾಟ್ ಹೆಸರು ಕೂಗಿದ್ದೂ ಇಂಥ ಹುಡುಗ್ರೇ ತಾನೆ, ಒಬ್ಬಳಾದ್ರೆ ಚಪ್ಪಾಳೆ, ಸಾಲಾಗಿ ಬಂದ್ರೆ ಕಲ್ಲು.

1904ರಿಂದ ಮೂರು ವರ್ಷ ಡಬ್ಲಿನ್‌ನ ಟ್ರಿನಿಟಿ ಕಾಲೇಜು ಬನ್ನಿ ನಾವು ಕೊಡ್ತೀವಿ ಅಂತು, ಇಲ್ಲಿ ಪಾಸಾದೋರು ಹಡಗು ಹತ್ತಿ ಹೋಗಿ ಡಿಗ್ರಿ ಇಸ್ಕೊಂಡು ಬಂದ್ರು, ಅವರಿಗೆ 'ಸ್ಟೀಮ್‌ಬೋಟ್ ಲೇಡೀಸ್' ಅಂತ ಅಡ್ಡಹೆಸರೂ ಬಿತ್ತು. ದೇವರು ವರ ಕೊಟ್ರೂ ಪೂಜಾರಿ ಕೊಡ್ಲಿಲ್ಲ, ಪಕ್ಕದೂರಿನ ಪೂಜಾರಿ ಕೊಟ್ಟ.

ಕೊನೆಗೂ 1948ರ ಅಕ್ಟೋಬರ್‌ನಲ್ಲಿ ಕೇಂಬ್ರಿಡ್ಜ್ ಒಬ್ಬ ಹೆಂಗಸಿಗೆ ಡಿಗ್ರಿ ಕೊಡ್ತು. ಮೊದಲನೇದು ಯಾರಿಗೆ ಅಂತೀರಾ, ರಾಣಿ ಎಲಿಜಬೆತ್‌ಗೆ, ಅಂದ್ರೆ 2022ರಲ್ಲಿ ತೀರಿಹೋದ ರಾಣಿಯ ಅಮ್ಮನಿಗೆ, ಗೌರವ ಡಿಗ್ರಿ, ಪರೀಕ್ಷೆ ಗಿರೀಕ್ಷೆ ಏನೂ ಇಲ್ಲ. ಫಿಲಿಪ್ಪಾ ಫಾಸೆಟ್ ಅದೇ ವರ್ಷ ಜೂನ್‌ನಲ್ಲಿ ತೀರಿಕೊಂಡಿದ್ರು, ಎಂಬತ್ತು ವರ್ಷ ಆಗಿತ್ತು.